ಮಾಳಿಗೆಯ ಮೇಲಿನ ಬಾಣಂತಿ

ಇವತ್ತಿನ ವಸ್ತಿ ಬೇವೂರಿನಲ್ಲಿ, ಹೆಂಡತಿಯ ತಂಗಿಯ ಮನೆಯಲ್ಲಿ. ಹೊತ್ತು ಮುಳುಗಿದರೂ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಆ ತಂಗಿಯ ಅತ್ತೆ ಕಂದೀಲು ಹಚ್ಚಿಟ್ಟುಕೊಂಡು ಅಂಗಳದಲ್ಲಿ ಕೌದಿಗಳನ್ನು ಝಾಡಿಸಿ ಝಾಡಿಸಿ ಹಾಸುತ್ತಿದ್ದರು. ನಿನ್ನೆ ಇದೇ ಅಂಗಳದಲ್ಲಿ ಸೊಸೆಗೆ ಚೇಳು ಕಡಿದಿತ್ತು. ಕೈಯ ಬಾವು ಇನ್ನೂ ಇಳಿದಿರಲಿಲ್ಲ. ಅಕ್ಕಪಕ್ಕದವರೆಲ್ಲ ಆಗಲೇ ಮಾಳಿಗೆ ಹತ್ತಿ ತಣ್ಣಗೆ ಮಾತಾಡುತ್ತಿದ್ದರು.

“ನೀವ್ಯಾಕ ಮ್ಯಾಲ ಮಲಗೂದಿಲ್ರಿ, ಅವ್ವಾರ?” ಎಂದೆ.

“ಮ್ಯಾಲ ಬಾಣಂತಿ ಅದಾಳ್ರಿ,” ಎಂದರು ದನಿ ತಗ್ಗಿಸಿ. “ನೋಡ್ತೀರೇನು? ಊರಿಂದ ಬಂದೀರಿ, ಕಾಲು ತೊಳಕೊಂಡು ಏಣಿ ಹತ್ರಿ.”

ತೊಳೆದುಕೊಂಡೇ ಹತ್ತಿ ಇಣುಕಿದೆ. ಮಣ್ಣಿನ ಮಾಳಿಗೆಯ ನಡುವೆ ಕೂಡಿಟ್ಟ ಹರಳುಕಲ್ಲುಗಳಲ್ಲಿ, ಅವುಗಳ ಬಣ್ಣದವೇ ಆದ ಮೊಟ್ಟೆಗಳ ಮೇಲೆ ಟಿಟ್ಟಿಭ ಹಕ್ಕಿಯೊಂದು ಕಾವು ಕೂತಿತ್ತು. ಪಕ್ಕದಲ್ಲಿ ನೀರು ತುಂಬಿದ ಬೋಗುಣಿ. ನನ್ನ ತಲೆ ಕಂಡದ್ದೇ ತಡ, ಚೀರುತ್ತ ಮೇಲೆದ್ದಿತು.

ಕೆಳಗಿಳಿದು ಕೌದಿಯ ಮೇಲೆ ಅಂಗಾತ ಮಲಗಿದೆ. ಬೇವಿನ ಹೂವಿನ ವಾಸನೆಗೆ ಕಣ್ಣು ಎಳೆಯುತ್ತಿದ್ದವು. ಕೆಂಪು ಪೂರ್ತಿ ಮಾಸದ ಆಕಾಶದಲ್ಲಿ ಹಕ್ಕಿ ಇನ್ನೂ ಕೂಗುತ್ತ ಸುತ್ತುತ್ತಿತ್ತು.

ಅತ್ತೆ ಮುಖ ಮೇಲೆತ್ತಿ ಸಮಾಧಾನ ಹೇಳಿದರು: “ಚೀರಬ್ಯಾಡವ್ವಾ, ಬೀಗರು ಕಾಲು ತೊಳಕೊಂಡ ಬಂದಿದ್ರು.”