ಒಂದೇ ಮನೆಯಿಂದ ಎರಡು ಪೆಟ್ಟಿಗೆ

ನಮ್ಮ ಒಕಾಯಾಮ ಊರಿನಲ್ಲಿ ಗಂಡು ಹೆಣ್ಣು ಕೂಡಿಸುವುದರಲ್ಲಿ ತೊಮಿಯೆ ಅಕ್ಕನದು ಎತ್ತಿದ ಕೈ. ಅವರ ಸ್ವಂತ ಗಂಡ ಮಾತ್ರ ಮೀನು ಹಿಡಿಯುವ ನೆಪದಲ್ಲಿ ಹಗಲೆಲ್ಲ ಹೊಳೆದಂಡೆಯಲ್ಲೇ ಇರುತ್ತಾರೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. "ನಾನು ಕೂಡಿಸಿದ ಒಂದು ಜೋಡೀನೂ ಮುರಿದಿಲ್ಲ" ಎಂಬುದೇ ಅಕ್ಕನ ನಿತ್ಯದ ಮಂತ್ರ.

ಅದಕ್ಕೆ ಸಾಕ್ಷಿ ಬೇಸಿಗೆಯ ಓಚೂಗೆನ್. ಉಪಕಾರ ಮಾಡಿದವರನ್ನು ನೆನೆದು ಉಡುಗೊರೆ ಕಳಿಸುವ ಕಾಲವದು. ಅಕ್ಕ ಮದುವೆ ಮಾಡಿಸಿದ ಸಂಸಾರಗಳಿಂದೆಲ್ಲ ಮನೆಗೊಂದರಂತೆ ಪೆಟ್ಟಿಗೆ ಬರುತ್ತದೆ. ಕಳಿಸಿದವರ ಹೆಸರು ಎದ್ದು ಕಾಣುವಂತೆ, ಬಿಚ್ಚದೆ, ಅತಿಥಿಗಳು ಕೂರುವ ಕೋಣೆಯಲ್ಲಿ ಜೋಡಿಸಿಡುತ್ತಾರೆ. ಒಳಗೆ ಹಣ್ಣು ಕೊಳೆತರೂ ಸರಿ, ಸಾಲು ಕೆಡಬಾರದು. ಪಕ್ಕದ ಚಾಪೆ ಅಂಗಡಿಯವಳಾದ ನನ್ನ ಮೂಗಿಗೆ ಇದೆಲ್ಲ ಚೆನ್ನಾಗಿ ಗೊತ್ತು.

ಈ ಜುಲೈಯಲ್ಲಿ ನೊನೊಮುರಾ ಎಂಬ ದೊಡ್ಡ ಮನೆತನದಾಕೆ ಮಗಳ ಮದುವೆ ಮಾತಿಗೆ ಬರುವವರಿದ್ದರು. ಇದೊಂದು ಕುದುರಿದರೆ ಊರೇ ಬಾಗಿಲಿಗೆ ಬರುತ್ತದೆಂದು ಅಕ್ಕ ಹಿಗ್ಗಿಹೋಗಿದ್ದರು. ಆ ಬೆಳಿಗ್ಗೆಯೇ ಯಾಬೆ ದಂಪತಿಯ ಪೆಟ್ಟಿಗೆ ಬಂತು, ಹೆಂಡತಿ ಚಿಜುರು ವರ್ಷವೂ ಕಳಿಸುವ ತೆಳು ಶಾವಿಗೆ. ತುಸು ಹೊತ್ತಿಗೆ ಗಂಡ ಶಿಂಗೊ ಹೆಸರಲ್ಲಿ ಬಿಯರ್ ಬಂತು. ಅವಳ ಪೆಟ್ಟಿಗೆಯ ಮೇಲೆ ತವರಿನ ವಿಳಾಸ, ಅವನದರ ಮೇಲೆ ಯಾವುದೋ ಬಾಡಿಗೆ ಕೋಣೆಯದು.

"ಒಂದು ಮನೆಯಿಂದ ಎರಡ್ಯಾಕೆ ಬಂತೇ?" ಪೆಟ್ಟಿಗೆ ಜೋಡಿಸಲು ಹೋಗಿದ್ದ ನನ್ನನ್ನು ಅಕ್ಕ ಕೇಳಿದರು.

"ಒಂದು ಮನೆ ಎರಡಾಗಿದೆ ಅಕ್ಕಾ. ಅವಳು ಕಳಿಸಲ್ಲ ಅಂತ ಇವನು, ಇವನು ಕಳಿಸಲ್ಲ ಅಂತ ಅವಳು."

"ಬಾಯ್ಮುಚ್ಚೇ, ಅಪಶಕುನ ನುಡೀಬೇಡ!"

ಉಡುಗೊರೆ ಬಂದ ಮೇಲೆ ಫೋನ್ ಮಾಡಿ ಉಪಚಾರ ಹೇಳದಿದ್ದರೆ ಆಗುತ್ತದೆಯೇ? ಅಕ್ಕ ಮೊದಲು ಚಿಜುರುಗೆ ಮಾಡಿದರು. ಅಕ್ಕನಿಗೆ ಕಿವಿ ಮಂದ, ಫೋನಿನ ದನಿ ಜೋರಾಗಿಟ್ಟಿರುತ್ತಾರೆ. ಆ ಕಡೆಯ ಮಾತೆಲ್ಲ ಕೋಣೆ ತುಂಬ ಕೇಳಿಸುತ್ತದೆ.

"ಶಿಂಗೊ ಚೆನ್ನಾಗಿದಾನೇನಮ್ಮಾ?"

"ಚೆನ್ನಾಗಿದಾರಮ್ಮಾ. ಸ್ನಾನಕ್ಕೆ ಹೋಗಿದಾರೆ. ಶಾವಿಗೇನ ಇಬ್ರೂ ಅಂಗಡಿಗೆ ಹೋಗಿ ಆರಿಸಿದ್ವಿ."

ಆಮೇಲೆ ಶಿಂಗೊಗೆ ಮಾಡಿದರು.

"ಚಿಜುರೂನೇ ಆರಿಸಿದ್ದಮ್ಮಾ. ಅಡುಗೆಮನೇಲಿದಾಳೆ, ಕರೀಲಾ?"

"ಬೇಡಪ್ಪಾ, ಕೆಲ್ಸದಲ್ಲಿರ್ತಾಳೆ, ಪಾಪ."

ಫೋನ್ ಇಟ್ಟ ಅಕ್ಕ ಉಡುಪಿನ ತೋಳಿನಿಂದಲೇ ಕಣ್ಣೊರೆಸಿಕೊಂಡರು. "ನನ್ನ ಮರ್ಯಾದೆಗೋಸ್ಕರ ಸುಳ್ಳು ಹೇಳ್ತವಲ್ಲೇ ಮಕ್ಕಳು." ಅವರನ್ನು ಆಡಿಕೊಂಡೇ ದಿನ ಕಳೆಯುವ ನನಗೂ ಅಯ್ಯೋ ಅನ್ನಿಸಿತು.

ಬಿಯರನ್ನು ಬಚ್ಚಿಡುವ ಮೊದಲೇ ನೊನೊಮುರಾ ಬಂದೇಬಿಟ್ಟರು. ಆಕೆಯ ಕಣ್ಣು ಸೀದಾ ಸಾಲಿನ ಮೇಲೆ ಬಿತ್ತು.

"ಯಾಬೆ ಅವರಿಂದ ಎರಡು ಬಂದಿದೆಯಲ್ಲಾ?"

"ಅವ್ರಾ?" ಅಕ್ಕ ಅಂದರು. "ಹೇಳಿಕೊಡದೇನೇ ಇಬ್ರೂ ಒಂದೇ ಮಾತಾಡ್ತಾರೆ ಕಣ್ರೀ. ಅಂಥ ಜೋಡೀನ ನಾನು ಇನ್ನೊಂದು ನೋಡಿಲ್ಲ."

ಆಕೆಯ ಮುಖ ಅರಳಿತು. ಮಗಳ ಭಾವಚಿತ್ರವನ್ನು ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು.

"ನಮ್ಮ ಹುಡುಗೀಗೂ ಅಂಥದ್ದೇ ಸಂಸಾರ ಮಾಡಿಕೊಡಿ ತಾಯೀ."

ಅದನ್ನು ತೆಗೆದುಕೊಳ್ಳಲು ಅಕ್ಕನ ಕೈ ಮೇಲೇಳಲೇ ಇಲ್ಲ.