ನೊಗಕ್ಕೆ ಕಟ್ಟಿ ನೋಡಿದ ದೈತ್ಯ

ಮೋಟಾರ್ ರಿಪೇರಿಗೆಂದು ಹನೂರಿನಿಂದ ರಾಮಾಪುರಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕೂತು, ಮೃಗಗಳನ್ನು ಸಾಕಿ ಕಾದಾಡಿಸುವ ಮೊಬೈಲ್ ಗೇಮ್ ಆಡುತ್ತಿದ್ದೆ. ಮುಖ ಗೊತ್ತಿಲ್ಲದ ಆಟಗಾರನೊಬ್ಬ, ನಾನು ಎರಡು ವರ್ಷ ಸಾಕಿದ ಆಮೆ ಕೊಟ್ಟರೆ ತನ್ನ ಕೊಂಬಿನ ದೈತ್ಯ ಎಂಬ ಮೃಗವನ್ನು ಕೊಡುತ್ತೇನೆಂದು ಮೆಸೇಜ್ ಹಾಕಿದ್ದ. ಪಕ್ಕದ ಸೀಟಿನ ಮುದುಕ ಆಗಿನಿಂದ ನನ್ನ ಫೋನಿಗೇ ಇಣುಕುತ್ತಿದ್ದ. ಪಾಸ್‌ವರ್ಡ್ ಕದಿಯುವ ಗಿರಾಕಿ ಇರಬೇಕೆಂದು ಫೋನ್ ಓರೆ ಮಾಡಿಕೊಂಡೆ.

"ಏನ್ ಸಾ ಅದು, ಎತ್ತಾ?"

"ಅಂಥದ್ದೇ. ನನ್ನ ಆಮೆಗೆ ಬದಲಾಗಿ ಕೊಡ್ತೀನಿ ಅಂತಿದಾನೆ ಒಬ್ಬ. ಬಲ ನೂರಕ್ಕೆ ತೊಂಬತ್ತೆಂಟು. ನನ್ನ ಆಮೆಗೆ ಬರೀ ನಲವತ್ತು."

"ಅಂಗಾರೆ ಅವ್ನ್ಯಾಕ್ ಬುಡ್ತಾವ್ನೆ? ನೊಗಕ್ ಕಟ್ಟಿ ನೋಡ್ದೆ ಯಾರಾರ ಎತ್ತು ತಕಂಡಾರಾ ಸಾ?"

ಮಾತು ನಾಟಿತು. ಮೊದಲು ಒಂದು ಕಾಳಗ ಆಡೋಣ ಎಂದು ಆಟಗಾರನಿಗೆ ಬರೆದೆ. ದೈತ್ಯ ಒಂದೇ ಗುದ್ದಿಗೆ ಆಮೆಯನ್ನು ಅರೆಜೀವ ಮಾಡಿತು. ಮುಂದಿನ ಸರದಿಯಲ್ಲಿ ಆಕಳಿಸುತ್ತಾ ಕೂತುಬಿಟ್ಟಿತು. ಒಮ್ಮೆ ಹೊಡೆದರೆ ಮರುಸಲ ಸುಮ್ಮನಿರುವುದು ಅದರ ಹುಟ್ಟುಗುಣ. ಅದು ಹೊಡೆಯುವಾಗ ನನ್ನ ಆಮೆ ಚಿಪ್ಪಿನೊಳಗೆ ಅಡಗಿತು, ಆಕಳಿಸುವಾಗ ಕಚ್ಚಿತು. ಹಾಗೇ ಗೆದ್ದಿತು.

"ಮೊದ್ಲೇ ಅಂದ್ಕಂಡೆ. ಒಂದ್ ಸಾಲು ಉತ್ತು ಮನೀಕಳೋ ಜಾತಿ."

"ನಿಮಗೆ ಹೇಗ್ ಗೊತ್ತಾಯ್ತು ಯಜಮಾನ್ರೇ?"

"ಅಂತವ ಮೂರು ನಾನೇ ಮಾರಿವ್ನಿ ಸಾ," ಅಂದ, ಮೀಸೆ ತೀಡುತ್ತಾ.

ಫೋನ್ ಜೇಬಿಗಿಟ್ಟು, ಬ್ಯಾಗನ್ನೂ ತೊಡೆಯ ಮೇಲೆ ಎಳೆದುಕೊಂಡೆ.