ಸವತಿ ಪಟ್ಟಿ

ಡಾಕ್ಟರು ಎಣ್ಣೆ ಪದಾರ್ಥ ಮುಟ್ಟಬೇಡಿ ಎಂದಿದ್ದಾರೆ. ಆದರೆ ಶನಿವಾರ ಬೆಳಗ್ಗೆ ಬೆಳಗಾವಿಯ ಉದ್ಯಮಬಾಗದ ಬಸ್ ಸ್ಟಾಪಿನಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಬಂದರೆ ಡಾಕ್ಟರು ನೆನಪಾಗುವುದಾದರೂ ಹೇಗೆ, ನೀವೇ ಹೇಳಿ. ಮೊನ್ನೆ ಭಜಿ ಮುಗಿಸಿ, ಕಟ್ಟಿಕೊಟ್ಟ ಪೇಪರು ನೋಡಿದೆ. ಶಾಲೆಯಲ್ಲಿ ಎಷ್ಟು ಭಾಷೆ ಕಲಿಸಬೇಕೆಂದು ದಿಲ್ಲಿಗೂ ಬೆಂಗಳೂರಿಗೂ ಜಟಾಪಟಿ ಎಂಬ ಸುದ್ದಿ. ನಡುವೆ ‘ಸಮವರ್ತಿ ಪಟ್ಟಿ’ ಎಂಬ ಮಾತು ಅರ್ಧ ಎಣ್ಣೆಯಲ್ಲಿ ಮುಳುಗಿತ್ತು. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟೆ.

ಗುಂಜಿ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನಾನು ಅಕ್ಕೋರು ಆಗಿದ್ದೆ. ನಮ್ಮ ಕಡೆ ಟೀಚರಿಗೆ ಹಾಗೇ ಅನ್ನುವುದು. ಬೆಳಗಾವಿಯಿಂದ ರೈಲಿನಲ್ಲಿ ಓಡಾಟ. ಅರ್ಧ ಪಾಠ ರೈಲಿನಲ್ಲೇ ತಯಾರಾಗುತ್ತಿತ್ತು, ಉಳಿದರ್ಧಕ್ಕೆ ನಿದ್ದೆ ಬಂದಿರುತ್ತಿತ್ತು. ಅದೇ ಕಂಪೌಂಡಿನಲ್ಲಿ ಮರಾಠಿ ಶಾಲೆಯೂ ಇತ್ತು. ಸುಗಂಧಾಳ ಮನೆಮಾತು ಮರಾಠಿ, ಆದರೆ ಗೆಳತಿ ನೀಲವ್ವನ ಬೆನ್ನುಹತ್ತಿ ನಮ್ಮಲ್ಲಿಗೆ ಬಂದವಳು. ಕನ್ನಡದ ಓದು ಮಾತ್ರ ಕುಂಟುತ್ತಿತ್ತು.

ಅದೇ ಕಾರಣಕ್ಕೆ ಒಂದು ದಿನ ಅವಳ ಆಜಿ, ಅಂದರೆ ಅಜ್ಜಿ, ಹೆಸರು ತೆಗೆಸಿ ಮರಾಠಿ ಶಾಲೆಗೆ ಹಾಕಲು ಬಂದೇಬಿಟ್ಟರು. ಅವತ್ತೇ ತಪಾಸಣೆಗೆ ಸಾಹೇಬರೂ ಬಂದಿದ್ದರು. ಸುಗಂಧಾ ನೀಲವ್ವನ ಕೈ ಹಿಡಿದುಕೊಂಡು ಅಳತೊಡಗಿದಳು.

"ಸಾಹೇಬರ ಮುಂದ ಕನ್ನಡದಾಗ ಒಂದ ಉತ್ತರ ಹೇಳ. ಬಂದ್ರ ಇಲ್ಲೇ ಇರು, ಇಲ್ಲಂದ್ರ ಆಚಿ ಸಾಲಿಗೆ ನಡಿ," ಎಂದು ಆಜಿ ಬಾಗಿಲಲ್ಲೇ ಕುಳಿತರು.

ಸಾಹೇಬರು ಹೋಗಿ ಹೋಗಿ ಕೇಳಿದ್ದೇನು? "ಶಿಕ್ಷಣ ಯಾವ ಪಟ್ಟಿಯೊಳಗ ಬರತೈತಿ?"

ಉತ್ತರ ಸಮವರ್ತಿ ಪಟ್ಟಿ, ಸಂವಿಧಾನದಲ್ಲಿ ಕೇಂದ್ರವೂ ರಾಜ್ಯವೂ ಎರಡೂ ಕಾನೂನು ಮಾಡಬಹುದಾದ ವಿಷಯಗಳದ್ದು. ಆ ಪದ ನನ್ನ ನಾಲಿಗೆಗೇ ತೊಡರುತ್ತಿತ್ತು. ಪಾಪ, ಹುಡುಗಿ ಹೋದಳು ಅಂದುಕೊಂಡೆ.

"ಸವತಿ ಪಟ್ಟಿ ರೀ," ಎಂದಳು ಸುಗಂಧಾ.

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನು ಕಿಟಕಿಯಾಚೆ ಏನೋ ಇದ್ದಂತೆ ನೋಡುತ್ತ ನಿಂತೆ. ಸಾಹೇಬರು ಮಾತ್ರ ನಗಲಿಲ್ಲ.

"ಅಂದ್ರ ಏನವಾ?"

"ಒಂದ ಮನ್ಯಾಗ ಇಬ್ರು ಸವತ್ಯಾರು ಇರ್ತಾರಲ್ರಿ, ಹಂಗ. ದಿಲ್ಲಿಯಾಕಿನೂ ಹೇಳ್ತಾಳ, ಬೆಂಗಳೂರಾಕಿನೂ ಹೇಳ್ತಾಳ. ಜಗಳ ಬಿತ್ತಂದ್ರ ದಿಲ್ಲಿಯಾಕಿ ಮಾತ ಮ್ಯಾಲ."

"ಹಂಗಾರ ಗಂಡ ಯಾರು?"

"ಗಂಡ ಇಲ್ರಿ. ಕೂಸ ಐತಿ."

"ಅದ್ಯಾರು?"

ಹುಡುಗಿ ಇಡೀ ಕ್ಲಾಸಿನ ಮೇಲೆ ಕೈ ಆಡಿಸಿದಳು. "ನಾವ ರೀ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹೆಸರಷ್ಟ ತಪ್ಪೈತಿ. ಉತ್ತರ ಖರೇ ಐತಿ."

ಸವತಿಗೆ ಮರಾಠಿಯಲ್ಲೂ ಸವತ್ ಅಂತಲೇ ಅನ್ನುತ್ತಾರೆ. ಬಾಗಿಲಲ್ಲಿ ಆಜಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಈ ಕನ್ನಡ ನನಗೂ ತಿಳಿತೈತಲ್ರಿ ಅಕ್ಕೋರ. ಇರ್ಲಿ ಬಿಡ್ರಿ, ಇಲ್ಲೇ ಕಲೀಲಿ." ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸುವಷ್ಟು ಸಂತೋಷವಾಯಿತು.

ಸುಗಂಧಾ ಈಗ ಖಾನಾಪುರದಲ್ಲಿ ತಾನೇ ಅಕ್ಕೋರು. ಎಣ್ಣೆ ಕೈ ಒರೆಸಿಕೊಂಡು ಸ್ಟಾಪಿನಿಂದಲೇ ಫೋನ್ ಮಾಡಿದೆ.

"ಸವತ್ಯಾರು ಮತ್ತ ಜಗಳಾ ತಗದಾರಲ್ಲವಾ?"

"ತಗೀಲಿ ಬಿಡ್ರಿ ಅಕ್ಕೋರ. ಅವರದು ಯಾವತ್ತೂ ಇದ್ದದ್ದ."

"ಕೂಸು ಹೆಂಗೈತಿ?"

ಅವಳು ಫೋನನ್ನು ಕ್ಲಾಸಿನ ಕಡೆ ಹಿಡಿದಳು. ಕನ್ನಡವೋ ಮರಾಠಿಯೋ ತಿಳಿಯದಂಥ ಗದ್ದಲ, ನಡುವೆ ಯಾರದೋ ಕೇಕೆ. ನನ್ನ ಬಸ್ಸು ಬಂತು, ಹೋಯಿತು. ನಾನು ಕೇಳುತ್ತಲೇ ನಿಂತಿದ್ದೆ.